ಪೈಥಾನ್ ಸ್ಕೆಚ್‌ಗಳು ನಡುವೆಯೇ ಕತ್ತರಿಸಿದ ಹಾಗೆ ನಿಲ್ಲೋದು ಯಾಕೆ?

ಬೈಟು_ಕಾಫಿ:
ಬ್ರಿಟನ್ನಿನ ಹಾಸ್ಯ ತಂಡ ಮಾಂಟಿ ಪೈಥಾನ್‌ನ ಸತ್ತ ಗಿಳಿಯ ಸ್ಕೆಚ್ (ಕೊಂಡ ಗಿಳಿ ಸತ್ತಿದೆ ಅಂತ ಗಿರಾಕಿ ಅಂಗಡಿಯವನ ಹತ್ತಿರ ಜಗಳಕ್ಕೆ ಬರುವ ಕಿರುಪ್ರಹಸನ) ನೆಟ್‌ನಲ್ಲಿ ಮೂರು ಥರ ಸಿಗುತ್ತಿದೆ. ಒಂದು ಅಂಗಡಿಯೊಳಗೇ ಮುಗಿಯುತ್ತದೆ. ಇನ್ನೊಂದರಲ್ಲಿ ಅಂಗಡಿಯವನು ಇದ್ದಕ್ಕಿದ್ದಂತೆ ಮರ ಕಡಿಯುವವನ ಹಾಡು ಶುರು ಮಾಡುತ್ತಾನೆ. ಮೂರನೆಯದರಲ್ಲಿ ಕಥೆ ರೈಲ್ವೆ ಸ್ಟೇಷನ್ನಿಗೆ ಹೋಗಿ, ಮಿಲಿಟರಿ ಡ್ರೆಸ್ಸಿನವನೊಬ್ಬ ಬಂದು ಸಾಕು ಸಾಕು ಅಂತ ನಿಲ್ಲಿಸಿಬಿಡುತ್ತಾನೆ. ಯಾವುದು ಪೂರ್ತಿ? ಬೇರೆ ಸ್ಕೆಚ್‌ಗಳೂ ಹೀಗೇ, ನಗು ಜೋರಾಗಿರುವಾಗಲೇ ಪಟ್ ಅಂತ ನಿಲ್ಲುತ್ತವೆ. ಅಪ್‌ಲೋಡ್ ಮಾಡಿದವರು ಕತ್ತರಿ ಹಾಕಿದ್ದಾ, ಮೂಲವೇ ಹಾಗಾ?

ಗಿಳಿಶಾಸ್ತ್ರ:
ಮೂರೂ ಅಸಲಿಯೇ, ಗುರು. ರೈಲ್ವೆ ಸ್ಟೇಷನ್ ಇರೋದು ಟಿವಿಯದ್ದು: ಮೊದಲ ಸರಣಿಯ 8ನೇ ಕಂತು, ಪ್ರಸಾರವಾಗಿದ್ದು 1969ರ ಡಿಸೆಂಬರ್ 7ಕ್ಕೆ. ಹಾಡಿಗೆ ಹೊರಳುವುದು 1971ರ ಸಿನಿಮಾದ್ದು. ಅಮೆರಿಕದ ಪ್ರೇಕ್ಷಕರಿಗಾಗಿ ಹಳೇ ಸ್ಕೆಚ್‌ಗಳನ್ನೇ ಮತ್ತೆ ಚಿತ್ರೀಕರಿಸಿ ಪೋಣಿಸಿದ ಸಿನಿಮಾ ಅದು. ಟಿವಿಯಲ್ಲಿ ಆ ಹಾಡಿಗೂ ಗಿಳಿಗೂ ಸಂಬಂಧವಿಲ್ಲ. ಅದು 9ನೇ ಕಂತಿನ ಕ್ಷೌರಿಕನ ಸ್ಕೆಚ್ಚಿನಿಂದ ಹುಟ್ಟುತ್ತದೆ. ಅಂಗಡಿಯೊಳಗೇ ಮುಗಿಯುವುದು ವೇದಿಕೆಯ ಮೇಲೆ ಆಡಿದ್ದಿರಬೇಕು, ಇಲ್ಲ ಯಾರೋ ಕತ್ತರಿಸಿದ್ದು.

ಸಿನಿಮಾದಲ್ಲಿ ಸ್ಟುಡಿಯೋ ಪ್ರೇಕ್ಷಕರಿಲ್ಲ. ಮಾತು ಅದೇ, ನಟರೂ ಅವರೇ, ಆದರೆ ನಗು ಇಳಿಯಲಿ ಅಂತ ಕಾಯುವ ಆ ಅರೆಗಳಿಗೆ ಅಲ್ಲಿಲ್ಲ. ಮೊದಲು ನೋಡುವವರಿಗೆ ಸಿನಿಮಾದ ಗಿಳಿ ಸಪ್ಪೆ ಅನ್ನಿಸೋದು ಅದಕ್ಕೇ. ಟಿವಿಯದ್ದರಿಂದ ಶುರು ಮಾಡಿ.

ಇನ್ನು ಮಿಲಿಟರಿಯವನು. ಗ್ರಹಾಂ ಚಾಪ್‌ಮನ್ ಆಡಿರುವ ಆ ಕರ್ನಲ್ ಎಲ್ಲಿಂದಲೋ ಉದುರಿದವನಲ್ಲ. ಅದೇ ಕಂತಿನ ಆರಂಭದಲ್ಲಿ ಸೈನಿಕನೊಬ್ಬ ಸೈನ್ಯ ಅಪಾಯಕಾರಿ, ಬಿಡ್ತೀನಿ ಅಂತ ಬರುತ್ತಾನೆ. ಹಿಂದೆಯೇ ಇಬ್ಬರು ರೌಡಿಗಳು ಬಂದು ಸೈನ್ಯದ ಹತ್ತಿರವೇ ಮಾಮೂಲಿ ಕೇಳುತ್ತಾರೆ. ಆಗ ಈ ಕರ್ನಲ್, ಬರವಣಿಗೆ ಚೆನ್ನಾಗಿಲ್ಲ, ಹಿರಿಯ ಅಧಿಕಾರಿ ನಾನು, ನನಗೇ ಒಂದೂ ನಗೆಮಾತು ಕೊಟ್ಟಿಲ್ಲ ಅಂತ ಗೊಣಗಿ ಸ್ಕೆಚ್ಚನ್ನು ನಿಲ್ಲಿಸುತ್ತಾನೆ. ಅಲ್ಲಿಂದ ಮುಂದೆ ಯಾವಾಗ ಬರುತ್ತಾನೋ ಅನ್ನುವ ಭಯ ಇಡೀ ಅರ್ಧ ಗಂಟೆಗೂ ಇರುತ್ತದೆ. ತುಣುಕು ನೋಡಿದವರಿಗೆ ಇದು ಸಿಗೋದಿಲ್ಲ. ಕಂತನ್ನೇ ನೋಡಬೇಕು.

ಹಳೇ_ವಾಲ್ವ್_ರೇಡಿಯೊ:
ಗಿಳಿಶಾಸ್ತ್ರದವರು ಹೇಳಿದ್ದು ಸರಿ. ಹಿನ್ನೆಲೆಯನ್ನೂ ಸ್ವಲ್ಪ ಸೇರಿಸುತ್ತೇನೆ.

ಐದು ನಿಮಿಷದ ಸ್ಕೆಚ್ ಬರೆಯುವವರಿಗೆ ಶುರು ಕಷ್ಟವಲ್ಲ, ನಡು ಕಷ್ಟವಲ್ಲ, ಕೊನೆಯದೇ ಪ್ರಾಣಸಂಕಟ. ನಾಲ್ಕೂವರೆ ನಿಮಿಷ ಚೆನ್ನಾಗಿ ಓಡಿದ್ದು ಕೊನೆಯ ಪಂಚ್ ಲೈನ್ ಸಾಧಾರಣವಾಗಿದ್ದರೆ ಅಲ್ಲೇ ಠುಸ್. ಇದನ್ನು ಮೊದಲು ಒದ್ದು ಆಚೆ ಹಾಕಿದವರು ಸ್ಪೈಕ್ ಮಿಲಿಗನ್. 1918ರಲ್ಲಿ ನಮ್ಮ ಅಹ್ಮದ್‌ನಗರದಲ್ಲಿ ಹುಟ್ಟಿದವರು, ತಂದೆ ಬ್ರಿಟಿಷ್ ಸೇನೆಯಲ್ಲಿದ್ದರು. 1951ರಿಂದ 1960ರವರೆಗೆ ಬಿಬಿಸಿ ರೇಡಿಯೊದಲ್ಲಿ ಪೀಟರ್ ಸೆಲರ್ಸ್, ಹ್ಯಾರಿ ಸೀಕೂಂಬ್ ಜೊತೆ ಗೂನ್ ಷೋ ನಡೆಸಿದರು. 1969ರ ಮಾರ್ಚ್‌ನಲ್ಲಿ ಟಿವಿಯಲ್ಲಿ ಅವರ ಕ್ಯೂ ಫೈವ್ ಬಂತು. ಅದರಲ್ಲಿ ಸ್ಕೆಚ್ ಕೈಕೊಟ್ಟರೆ ನಟರೆಲ್ಲ ಈಗೇನು ಮಾಡೋದು, ಈಗೇನು ಮಾಡೋದು ಅನ್ನುತ್ತಾ ಕ್ಯಾಮೆರಾ ಕಡೆಗೆ ಕಾಲೆಳೆದುಕೊಂಡು ಬರುತ್ತಾರೆ, ಅಲ್ಲಿಗೆ ಮುಗಿಯಿತು.

ಪೈಥಾನ್ ಶುರುವಾದದ್ದು ಅದೇ ವರ್ಷ ಅಕ್ಟೋಬರ್ 5ಕ್ಕೆ. ಪೈಥಾನ್ ತಂಡದ ಟೆರ್ರಿ ಜೋನ್ಸ್ ಕ್ಯೂ ಫೈವ್ ನೋಡಿ, ನಾವು ಮಾಡಬೇಕೆಂದಿದ್ದನ್ನು ಇವರು ಆಗಲೇ ಮಾಡಿಬಿಟ್ಟರಲ್ಲ ಅಂದುಕೊಂಡದ್ದು ಪ್ರಸಿದ್ಧ. ಕ್ಯೂ ಫೈವ್‌ನ ನಿರ್ದೇಶಕ ಇಯನ್ ಮ್ಯಾಕ್‌ನಾಟನ್ ಅವರೇ ಪೈಥಾನ್‌ಗೂ ಬಂದರು. ಪೈಥಾನ್ ಹೊಸದಾಗಿ ಸೇರಿಸಿದ್ದು ಕೊಂಡಿಗಳನ್ನು: ಒಂದು ಸ್ಕೆಚ್ಚಿನ ಬಾಲ ಟೆರ್ರಿ ಗಿಲಿಯಂರ ಅನಿಮೇಷನ್ನಿಗೆ, ಅದರ ಬಾಲ ಮುಂದಿನ ಸ್ಕೆಚ್ಚಿಗೆ. ಪಂಚ್ ಲೈನ್ ಮಾಡಬೇಕಾಗಿದ್ದ ಕೆಲಸವನ್ನು ಕೊಂಡಿಯೇ ಮಾಡಿತು.

ಗಿಳಿಶಾಸ್ತ್ರ:
ಕೊನೆ ಮಾಡೋದನ್ನೇ ತಮಾಷೆ ಮಾಡಿದ್ದು ನೋಡಬೇಕಾದರೆ 1972ರ ಆರ್ಗ್ಯುಮೆಂಟ್ ಕ್ಲಿನಿಕ್. ದುಡ್ಡು ಕೊಟ್ಟು ವಾದ ಮಾಡಿಸಿಕೊಳ್ಳುವ ಜಾಗ. 5 ನಿಮಿಷಕ್ಕೆ 1 ಪೌಂಡ್, 10 ಸಲದ ಕೋರ್ಸ್ ತಗೊಂಡರೆ 8 ಪೌಂಡ್. ಕೊನೆಗೆ ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬ ನುಗ್ಗಿ, ವಿಚಿತ್ರ ಸ್ಕೆಚ್ ಮಾಡಿದ ಅಪರಾಧಕ್ಕೆ ಎಲ್ಲರನ್ನೂ ಹಿಡಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ ಬಂದು, ಪ್ರತಿ ಸ್ಕೆಚ್ಚನ್ನೂ ಪೊಲೀಸ್ ಬರಿಸಿ ಮುಗಿಸುವ ಅಪರಾಧಕ್ಕೆ ಮೊದಲನೆಯವನನ್ನೇ ಹಿಡಿಯುತ್ತಾನೆ. ಹೇಳುತ್ತಿರುವಾಗಲೇ ತಾನೂ ಅದನ್ನೇ ಮಾಡುತ್ತಿದ್ದೇನೆ ಅಂತ ಹೊಳೆಯುತ್ತದೆ.

ಇಂಡೆಂಟೇಶನ್_ಎರರ್:
ನೋಡುವ ಬಗ್ಗೆ ನಾಲ್ಕು ಮಾತು. ಅರ್ಧ ತಮಾಷೆ ಸೆಟ್ಟಿಂಗ್‌ನಲ್ಲೇ ಹಾಳಾಗುತ್ತದೆ.

ಮೊದಲು ಆಟೊಪ್ಲೇ ಆಫ್ ಮಾಡಿ. ಹೆಸರುಗಳು ಬರಲು ಶುರುವಾದ ತಕ್ಷಣ ಆ್ಯಪ್ ಮುಂದಿನ ಕಂತಿಗೆ ಹಾರುತ್ತದೆ, ಪೈಥಾನ್‌ನಲ್ಲಿ ಹೆಸರುಗಳು ಬರುವಾಗಲೂ, ಬಂದಮೇಲೂ ತಮಾಷೆ ಇದೆ. ಎರಡನೇ ಸರಣಿಯ 12ನೇ ಕಂತಿನಲ್ಲಿ ಪ್ರತಿ ಹೆಸರಿನ ನಡುವೆ ಸ್ಪ್ಯಾಮ್, ಮೊಟ್ಟೆ, ಸಾಸೇಜ್ ತುರುಕಿದ್ದಾರೆ. ಮೂರನೇ ಸರಣಿಯ ಒಂದು ಕಂತಿನಲ್ಲಿ ಎಲ್ಲರ ಹೆಸರಿನ ಅಕ್ಷರಗಳೂ ಅದಲುಬದಲು. ಕೆಲವು ಕಡೆ ಕೊನೆಯ ಹೆಸರುಗಳು ನಡುವೆಯೇ ಬಂದುಬಿಡುತ್ತವೆ, ಮುಗೀತು ಅಂತ ಎದ್ದರೆ ಮೋಸ ಹೋದ್ರಿ.

ಎರಡು, ಚಿತ್ರದ ಆಕಾರ. ಇವೆಲ್ಲ 4:3. ಟಿವಿ ಅದನ್ನು 16:9ಕ್ಕೆ ಎಳೆದರೆ ಎಲ್ಲರೂ ಗಿಡ್ಡ, ದಪ್ಪ. ಜಾನ್ ಕ್ಲೀಸ್ ಆರೂವರೆ ಅಡಿ ಹತ್ತಿರದ ಆಳು. ಅವರು ವಿಚಿತ್ರವಾಗಿ ನಡೆಯುವ ಸಿಲ್ಲಿ ವಾಕ್ಸ್ ಸ್ಕೆಚ್ಚಿನಲ್ಲಿ ನಗು ಬರೋದೇ ಆ ಉದ್ದ ಕಾಲಿಂದ, ಅದನ್ನೇ ಕುಗ್ಗಿಸಿದರೆ ಇನ್ನೇನು ಉಳಿಯಿತು? ಎಳೆಯುವ ಬದಲು ಝೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿ ಪರದೆಯ ಬರಹಗಳು ಹೋಗುತ್ತವೆ. ಎರಡೂ ಬೇಡ, ಅಕ್ಕಪಕ್ಕ ಕಪ್ಪು ಪಟ್ಟಿ ಇರಲಿ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಎ ಕೀ ಒತ್ತುತ್ತಾ ಹೋದರೆ 4:3 ಬರುತ್ತದೆ.

ಮೂರು, ಅಂಚುಗಳಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್ಲೇಸ್. ಸ್ಟುಡಿಯೋ ಭಾಗವನ್ನು ವಿಡಿಯೊ ಟೇಪಿನ ಮೇಲೆ ಸೆಕೆಂಡಿಗೆ 50 ಅರ್ಧಚಿತ್ರಗಳಾಗಿ ಹಿಡಿದಿದ್ದಾರೆ. ಡಿಇಂಟರ್ಲೇಸ್ ಆನ್ ಮಾಡಿ ಯಾಡಿಫ್ 2ಎಕ್ಸ್ ಆರಿಸಿ. ಬರೀ ಯಾಡಿಫ್ ಆದರೆ 25ಕ್ಕೆ ಇಳಿದು ಕೈಕಾಲಿನ ಚಲನೆ ಜರ್ಕ್ ಆಗುತ್ತದೆ.

ನಾಲ್ಕನೆಯದು ಮುಖ್ಯ: ಟಿವಿಯ ಮೋಷನ್ ಸ್ಮೂದಿಂಗ್ ಆಫ್. ಹೊರಾಂಗಣ ಭಾಗವೆಲ್ಲ 16 ಎಂಎಂ ಫಿಲ್ಮ್, ಸೆಕೆಂಡಿಗೆ 25 ಚಿತ್ರ. ಬಾಗಿಲು ದಾಟಿ ಹೊರಬಂದ ಕೂಡಲೇ ಚಿತ್ರದ ಹದವೇ ಬದಲಾಗುತ್ತದಲ್ಲ, ಅದು ನಿಮ್ಮ ಟಿವಿಯ ದೋಷವಲ್ಲ. ಎರಡನೇ ಸರಣಿಯಲ್ಲಿ ಇದನ್ನೇ ಜೋಕ್ ಮಾಡಿದ್ದಾರೆ. ವಸ್ತುಗಳ ಮೇಲೆ ವಸ್ತುಗಳನ್ನಿಡುವ ಸಂಘದವರು ಯಾವ ಬಾಗಿಲಿಂದ ಹೊರಗೆ ಹೋದರೂ ತಾವು ಫಿಲ್ಮ್ ಆಗಿಬಿಡುತ್ತೇವೆ ಅಂತ ಗೊತ್ತಾಗಿ, ಈ ಕೋಣೆಯ ಸುತ್ತಲೂ ಫಿಲ್ಮ್ ಇದೆ ಅಂತ ಒಳಗೇ ಹೆದರಿ ನಿಲ್ಲುತ್ತಾರೆ. ಸ್ಮೂದಿಂಗ್ ಆನ್ ಇದ್ದರೆ ಒಳಗೂ ಹೊರಗೂ ಒಂದೇ ಥರ ಕಂಡು ಜೋಕೇ ಮಾಯ.

ರೊಟ್ಟಿ_ಪುಂಡಿಪಲ್ಯ:
ಎಲ್ಲಾರೂ ಪೈಥಾನ್ ಹಿಂದ ಹೊಂಟೀರಿ. ಕೊನಿ ಕಟ್ಟಲಿಕ್ಕೆ ಬರಲಿಲ್ಲ, ಅದಕ್ಕ ಪೊಲೀಸರನ್ನ ಕರದ್ರು, ಅದನ್ನ ನೀವು ಕ್ರಾಂತಿ ಅಂತೀರಿ! ಸ್ಕೆಚ್ ಕಟ್ಟೋದು ಹೆಂಗಂತ ನೋಡಬೇಕಂದ್ರ ಟೂ ರೋನೀಸ್ ನೋಡ್ರಿ. ರೋನಿ ಬಾರ್ಕರ್, ರೋನಿ ಕಾರ್ಬೆಟ್, 1971ರಿಂದ 1987. ಶುರುವಿಗೆ ಮೇಜಿನ ಹಿಂದ ಕುಂತು ಸುದ್ದಿ ಓದ್ತಾರ, ಕೊನಿಗೂ ಅಲ್ಲೇ ಬಂದು ಗುಡ್‌ನೈಟ್ ಹೇಳ್ತಾರ. ನಡುವ ಸ್ಕೆಚ್, ಹಾಡು, ಧಾರಾವಾಹಿ, ಕಾರ್ಬೆಟ್‌ರ ಕುರ್ಚಿ ಹರಟಿ.

1976ರ ಫೋರ್ ಕ್ಯಾಂಡಲ್ಸ್ ತಗೋರಿ. ಬರದಾವ್ರು ಬಾರ್ಕರ್ ಅವರ, ಆದ್ರ ಹೆಸರು ಜೆರಾಲ್ಡ್ ವೈಲಿ ಅಂತ. ತನ್ನ ಹೆಸರಿಲೆ ಕೊಟ್ರ ಮಂದಿ ದಾಕ್ಷಿಣ್ಯಕ್ಕ ಒಪ್ಪಿಕೊಂಡಾರು ಅಂತ ಆ ಕಳ್ಳಹೆಸರು. ಒಬ್ಬ ಗಿರಾಕಿ ಹಾರ್ಡ್‌ವೇರ್ ಅಂಗಡಿಗೆ ಬಂದು ಫೋರ್ಕ್ ಹ್ಯಾಂಡಲ್ಸ್ ಕೇಳ್ತಾನ, ಅಂದ್ರ ಹುಲ್ಲು ಎತ್ತೋ ಕವೆಗೋಲಿನ ಹಿಡಿಕಿ. ಅಂಗಡಿಯಾವ ನಾಕು ಮೇಣದ ಬತ್ತಿ ತಂದಿಡ್ತಾನ. ಇಂಗ್ಲಿಷರ ಬಾಯಾಗ ಫೋರ್ ಅನ್ನೋದರಾಗಿನ ರಕಾರ ಕೇಳಂಗಿಲ್ಲ. ದಕ್ಷಿಣ ಇಂಗ್ಲೆಂಡಿನ ದುಡಿಯೋ ಮಂದಿ ಹಕಾರ ನುಂಗ್ತಾರ, ಹ್ಯಾಂಡಲ್ ಹೋಗಿ ಆ್ಯಂಡಲ್ ಆಕ್ಕೈತಿ. ಹಿಂದಿನ ಕಕಾರ ಮುಂದಿನ ಸ್ವರಕ್ಕ ಹತ್ತಿಕೊಂಡು ಎರಡೂ ಒಂದ ಉಚ್ಚಾರ. ನಿಮ್ಮ ಮೈಸೂರು ಕಡೆ ಹಾಲಿಗೆ ಆಲು, ಹಾಸನಕ್ಕ ಆಸನ ಅಂತಾರಲ್ಲ, ಥೇಟ್ ಅದ ರೀ. ಅಕ್ಕಿ ಕೇಳಿದಾನೋ ಹಕ್ಕಿ ಕೇಳಿದಾನೋ ಅನ್ನೋ ಗೊಂದಲ.

ಆಮ್ಯಾಲ ಗಿರಾಕಿ ಓಸ್ ಬೇಕು ಅಂತಾನ. ಹಕಾರ ಇಲ್ಲದಕ್ಕ ಅದು ಗುದ್ದಲಿಯಂಥ ಹೋ ಇರಬಹುದು, ನೀರಿನ ಹೋಸ್ ಪೈಪ್ ಇರಬಹುದು, ಹೆಂಗಸರ ಕಾಲುಚೀಲ ಇರಬಹುದು. ಎಲ್ಲಾ ತಂದು ತೋರಿಸಿದ ಮ್ಯಾಲ ಗೊತ್ತಾಕ್ಕೈತಿ, ಅವಗ ಬೇಕಾಗಿದ್ದು ಗೇಟಿನ ಮ್ಯಾಲ ಮನಿ ಹೆಸರು ಬರಸಲಿಕ್ಕೆ ಇಂಗ್ಲಿಷಿನ ಓ ಅಕ್ಷರ. ಮೋನ್ ರೆಪೋ ಅಂತ ಮನಿ ಹೆಸರು, ಅದರಾಗ ಎರಡು ಓ. ಅಂಗಡಿಯಾವ ಏಣಿ ಹತ್ತಿ ಅಕ್ಷರದ ಡಬ್ಬಿ ಇಳಿಸಿ, ಕೊಟ್ಟು, ಮತ್ತ ಏಣಿ ಹತ್ತಿ ಇಡ್ತಾನ. ಗಿರಾಕಿ ಮುಂದಿಂದು ಕೇಳ್ತಾನ: ಪೀಸ್. ಈ ಸಲ ಅಂವ ಶ್ಯಾಣ್ಯಾ ಆಗ್ಯಾನ, ಮತ್ತ ಅಕ್ಷರದ ಡಬ್ಬಿನ ಇಳಿಸ್ತಾನ. ಬೇಕಾಗಿದ್ದು ಡಬ್ಬಿ ಬಟಾಣಿ! ಹಿಂದಿನ ತಪ್ಪಿನಿಂದ ಕಲತ ಪಾಠನ ಮುಂದಿನ ತಪ್ಪಿಗೆ ಕಾರಣ. ಇದಕ್ಕ ಅಂತಾರ ಕಟ್ಟೋದು.

ನೆನೆಯಕ್ಕಿ:
ಮೈಸೂರಿನವರ ಪರವಾಗಿ ಹಕಾರದ ವಿಷಯಕ್ಕೆ ಪ್ರತಿಭಟನೆ ದಾಖಲಿಸಿ, ಒಂದು ಎಚ್ಚರಿಕೆ: ಫೋರ್ ಕ್ಯಾಂಡಲ್ಸ್ ನೋಡುವಾಗ ಸಬ್‌ಟೈಟಲ್ ಹಾಕಬೇಡಿ. ಗಿರಾಕಿ ಬಾಯಿ ತೆರೆಯುವ ಮೊದಲೇ ಕೆಳಗೆ ಉತ್ತರ ಬರೆದುಬಿಟ್ಟಿರುತ್ತದೆ. ಅಕ್ಷರದಲ್ಲಿ ಬರೆದ ಕೂಡಲೇ ಎರಡು ಅರ್ಥದಲ್ಲಿ ಒಂದು ಸಾಯಲೇಬೇಕು. ಪೈಥಾನ್‌ಗೆ, ಸ್ಟೀಫನ್ ಫ್ರೈ–ಹ್ಯೂ ಲಾರಿ ಜೋಡಿಯ ಸ್ಕೆಚ್‌ಗಳಿಗೆ ಸಬ್‌ಟೈಟಲ್ ಹಾಕಿ, ತೊಂದರೆಯಿಲ್ಲ. ಆದರೆ ಡಿಸ್ಕಿನ ಜೊತೆ ಬರುವುದನ್ನು ಹಾಕಿ. ಯಂತ್ರ ತಾನಾಗಿ ಕೇಳಿ ಬರೆದದ್ದು ಹಿಂದೆ ನಗು ಬರುತ್ತಿದ್ದರೆ ಮಾತನ್ನೇ ನುಂಗಿಬಿಡುತ್ತದೆ.

ಅದೇ ಟೂ ರೋನೀಸ್‌ನ 1980ರ ಮಾಸ್ಟರ್‌ಮೈಂಡ್ ಸ್ಕೆಚ್ಚನ್ನೂ ಸೇರಿಸಿಕೊಳ್ಳಿ, ಬರೆದವರು ಡೇವಿಡ್ ರೆನ್ವಿಕ್. ಮಾಸ್ಟರ್‌ಮೈಂಡ್ 1972ರಲ್ಲಿ ಶುರುವಾದ ನಿಜವಾದ ಕ್ವಿಜ್. ಕಪ್ಪು ಕುರ್ಚಿ, ಪ್ರತಿ ಸ್ಪರ್ಧಿಗೂ ಒಂದು ವಿಶೇಷ ವಿಷಯ. ಕಾರ್ಬೆಟ್‌ರ ವಿಶೇಷ ವಿಷಯ, ಪ್ರತಿ ಸಲವೂ ಹಿಂದಿನ ಪ್ರಶ್ನೆಗೆ ಉತ್ತರಿಸುವುದು. ಪ್ಯಾಲಿಯಂಟಾಲಜಿ ಎಂದರೇನು ಅಂತ ಮೊದಲು ಕೇಳುತ್ತಾರೆ. ಆಮೇಲೆ ಶ್ರೀಮಂತ ಮನೆತನಗಳ ಹೆಸರುಪಟ್ಟಿ ಯಾವುದು ಅಂತ. ಆಗ ಉತ್ತರ ಬರುತ್ತದೆ: ಹಳೆಯ ಪಳೆಯುಳಿಕೆಗಳ ಅಧ್ಯಯನ. ಹಿಂದಿನದಕ್ಕೆ ಸರಿಯುತ್ತರ, ಈಗಿನದಕ್ಕೆ ಮರ್ಯಾದೆ ಕಳೆಯುವ ಉತ್ತರ.

ಬರೆಯುವವರು ಇದರ ಲೆಕ್ಕ ಗಮನಿಸಿ. ಪ್ರತಿ ಉತ್ತರವೂ ಎರಡು ಪ್ರಶ್ನೆಗಳಿಗೆ ಹೊಂದಬೇಕು, ಪ್ರತಿ ಪ್ರಶ್ನೆಯೂ ಎರಡು ಉತ್ತರಗಳಿಗೆ ಹೊಂದಬೇಕು. ಸರಪಳಿಯಲ್ಲಿ ಒಂದು ಕೊಂಡಿ ಬದಲಾಯಿಸಿದರೆ ಅಕ್ಕಪಕ್ಕದ್ದೆರಡೂ ಕಳಚುತ್ತವೆ. ಕನ್ನಡಕ್ಕೆ ತರಲು ಹೊರಟವರು ಅಲ್ಲಿಯ ಪ್ರಶ್ನೆಗಳನ್ನು ಅನುವಾದಿಸಬೇಡಿ, ನಿಯಮವನ್ನಷ್ಟೇ ತೆಗೆದುಕೊಂಡು ಹೊಸ ಸರಪಳಿ ಹೆಣೆಯಿರಿ. ಕಾಗದದಲ್ಲಿ ಎರಡು ಸಾಲು ಮಾಡಿ, ಉತ್ತರಗಳ ಸಾಲನ್ನು ಒಂದು ಮನೆ ಕೆಳಗಿಳಿಸಿ ಬರೆದರೆ ಎಲ್ಲಿ ಹೊಂದುತ್ತಿಲ್ಲ ಅಂತ ತಕ್ಷಣ ಕಾಣುತ್ತದೆ.

ಕಡಲತಡಿ:
ಕಾರ್ಬೆಟ್‌ರ ಕುರ್ಚಿ ಹರಟೆ ಬಿಟ್ಟುಬಿಟ್ರಲ್ಲ ಮಾರಾಯ್ರೇ. ಹರಿಕಥೆ ದಾಸರು ಉಪಕಥೆಗೆ ಹೋದ ಹಾಗೆ ಉಂಟು ಅದು. ಮೂಲ ಜೋಕು ಹೆಚ್ಚೆಂದರೆ ಎರಡು ಸಾಲಿನದ್ದು, ಅದೂ ಹಳತು. ಆ ಮನುಷ್ಯ ಅದನ್ನು ಹೇಳಲು ಹೊರಟು ನಾಲ್ಕು ಕಡೆ ದಾರಿ ತಪ್ತಾರೆ, ವಾಪಸ್ ಬರ್ತಾರೆ. ಕೊನೆಗೆ ಜೋಕು ಹೇಳುವಾಗ ಅದು ಬೇಕೇ ಇರುವುದಿಲ್ಲ.

ಮತ್ತೆ ಇನ್ನೊಂದು ಹಾಸ್ಯ ಜೋಡಿ ಮೋರ್ಕಂ ಅಂಡ್ ವೈಸ್‌ನ 1971ರ ಕ್ರಿಸ್‌ಮಸ್ ಕಾರ್ಯಕ್ರಮ. ಬರೆದದ್ದು ಎಡ್ಡಿ ಬ್ರೇಬನ್. ಆಗ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯ ಕಂಡಕ್ಟರ್ ಆಗಿದ್ದ ಆಂದ್ರೆ ಪ್ರೆವಿನ್‌ರನ್ನೇ ಕರೆಸಿ, ಅವರ ಮುಂದೆ ಎರಿಕ್ ಮೋರ್ಕಂ ಗ್ರೀಗ್‌ನ ಪಿಯಾನೊ ಕನ್ಸರ್ಟೊ ಅಂತ ಏನೋ ಬಾರಿಸ್ತಾರೆ. ಪ್ರೆವಿನ್ ಆಕ್ಷೇಪಿಸಿದರೆ ಕಾಲರ್ ಹಿಡಿದು, ಸ್ವರ ಎಲ್ಲ ಸರಿಯೇ ಬಾರಿಸ್ತಿದ್ದೇನೆ, ಆದರೆ ಅದೇ ಕ್ರಮದಲ್ಲೇ ಅಂತ ಇಲ್ಲ ಅಂತಾರೆ. ಇಲ್ಲಿ ನಗಿಸುವುದು ಮೋರ್ಕಂ ಅಲ್ಲ, ಪ್ರೆವಿನ್ ಮುಖ. ಅವರು ಒಮ್ಮೆಯೂ ತಮಾಷೆ ಮಾಡುವ ಪ್ರಯತ್ನ ಮಾಡುವುದಿಲ್ಲ, ಸಂಗೀತಗಾರನ ಸಂಕಟ ಮಾತ್ರ ತೋರಿಸ್ತಾರೆ. ಇಂಥ ಸ್ಕೆಚ್ಚಲ್ಲಿ ಅತಿಥಿ ತಾನೂ ನಗಿಸಲು ಹೋದರೆ ಎಲ್ಲ ಕೆಡ್ತದೆ. ನಮ್ಮ ಕಡೆ ಕೇಳಿದರೆ ಮೋರ್ಕಂ ಹೇಳಿದ್ದರಲ್ಲಿ ವಾದವೂ ಉಂಟು: ಆರಭಿ, ದೇವಗಾಂಧಾರಿ ಎರಡಕ್ಕೂ ಸ್ವರ ಅವವೇ ಅಲ್ವಾ.

ಇಂಡೆಂಟೇಶನ್_ಎರರ್:
😄 ಕ್ಲೀಸ್, ಚಾಪ್‌ಮನ್, ಪೇಲಿನ್, ಜೋನ್ಸ್, ಐಡಲ್, ಗಿಲಿಯಂ, ಈ ಆರು ಜನರ 45 ಕಂತು ಮುಗಿಸಿಕೊಂಡು ಆಮೇಲೆ ರೋನಿಗಳ ಹತ್ತಿರ ಬರ್ತೀವಿ.

ಹಳೇ_ವಾಲ್ವ್_ರೇಡಿಯೊ:
ಸಣ್ಣ ತಿದ್ದುಪಡಿ. 45ರಲ್ಲೂ ಆರು ಜನ ಇಲ್ಲ. ಮೊದಲ ಮೂರು ಸರಣಿ ತಲಾ 13. ನಾಲ್ಕನೆಯದು 1974ರದ್ದು, 6 ಕಂತು, ಅದರಲ್ಲಿ ಕ್ಲೀಸ್ ಇಲ್ಲ, ಹೆಸರೂ ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್ ಹೋಗಿ ಬರೀ ಮಾಂಟಿ ಪೈಥಾನ್. ಬರೆಯುವಾಗ ಕ್ಲೀಸ್–ಚಾಪ್‌ಮನ್ ಜೋಡಿ, ಪೇಲಿನ್–ಜೋನ್ಸ್ ಜೋಡಿ, ಐಡಲ್ ಒಂಟಿ. ಮಾತಿನ ಜಟಾಪಟಿ, ತರ್ಕದ ಸರಪಳಿ, ಒಂದೇ ಅರ್ಥಕ್ಕೆ ಇಪ್ಪತ್ತು ಪದ ಬಂದರೆ ಬಹುತೇಕ ಮೊದಲ ಜೋಡಿ. ಹೊರಾಂಗಣ ದೃಶ್ಯ ನಿಧಾನಕ್ಕೆ ತೆರೆದುಕೊಂಡರೆ ಎರಡನೆಯದು. ನಾಲ್ಕನೇ ಸರಣಿ ಯಾಕೆ ಸಡಿಲ ಅನ್ನಿಸುತ್ತದೆ ಎಂಬುದಕ್ಕೆ ಇದೇ ಉತ್ತರ, ವಾದ ಮಾಡುವ ಪಕ್ಷ ದುರ್ಬಲವಾಯಿತು.

ಮೂಲಕ್ಕೆ ಕತ್ತರಿ ಬಿದ್ದದ್ದೂ ಉಂಟು. 1975ರಲ್ಲಿ ಅಮೆರಿಕದ ಎಬಿಸಿ ವಾಹಿನಿ ನಾಲ್ಕನೇ ಸರಣಿಯ ಮೂರು ಕಂತುಗಳನ್ನು ಒಟ್ಟುಮಾಡಿ, 90 ನಿಮಿಷದಲ್ಲಿ 24 ನಿಮಿಷ ತೆಗೆದು ಹಾಕಿತು. ಪೈಥಾನ್ ತಂಡ ನ್ಯಾಯಾಲಯಕ್ಕೆ ಹೋಗಿ 1976ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಇನ್ನೊಂದು ಕಿವಿಗೇ ಗೊತ್ತಾಗುತ್ತದೆ: ಕಪ್ಪು ಮಚ್ಚೆಯ ರಾಜಕುಮಾರನ ಅನಿಮೇಷನ್ನಿನಲ್ಲಿ ಕ್ಯಾನ್ಸರ್ ಅನ್ನುವ ಪದದ ಮೇಲೆ ಬೇರೆ ದನಿಯಲ್ಲಿ ಗ್ಯಾಂಗ್ರೀನ್ ಅಂತ ಅಂಟಿಸಿದ್ದಾರೆ.

ಇದಕ್ಕಿಂತ ದೊಡ್ಡ ನಷ್ಟ ಪೀಟರ್ ಕುಕ್, ಡಡ್ಲಿ ಮೂರ್ ಜೋಡಿಯ 1965–70ರ ಕಾರ್ಯಕ್ರಮದ್ದು. ಎರಡಿಂಚಿನ ಟೇಪು ದುಬಾರಿ, ಮರುಪ್ರಸಾರದ ಹಕ್ಕು ಸೀಮಿತ. ಬಿಬಿಸಿ ಟೇಪು ಅಳಿಸಿ ಮತ್ತೆ ಬಳಸಿತು. ಫಿಲ್ಮ್ ಮೇಲಿದ್ದದ್ದನ್ನು ಅಳಿಸಲು ಬರುವುದಿಲ್ಲವಾದ್ದರಿಂದ ಹೊರಾಂಗಣ ತುಣುಕುಗಳು ಉಳಿದವು. ಅವರ ಬಲವಿದ್ದದ್ದು ಸ್ಟುಡಿಯೋ ಮೇಜಿನ ಮುಂದಿನ ಹರಟೆಯಲ್ಲಿ, ಹೋದದ್ದು ಹೆಚ್ಚಾಗಿ ಅದೇ. ಉಳಿದಿರುವ ಆರ್ಟ್ ಗ್ಯಾಲರಿ ಸ್ಕೆಚ್ ನೋಡಿ. ಮೂರ್ ಬಾಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಂಡು ನಗು ತಡೆಯಲು ಒದ್ದಾಡುವುದು, ಅದು ಗೊತ್ತಿದ್ದೇ ಕುಕ್ ಇನ್ನಷ್ಟು ಕೆಣಕುವುದು.

ಬೈಟು_ಕಾಫಿ:
ಸ್ಪ್ಯಾಮ್ ಸ್ಕೆಚ್ಚಲ್ಲಿ ನಗೋದು ಎಲ್ಲಿ ಅಂತಲೇ ಗೊತ್ತಾಗಲಿಲ್ಲ. ಕಂತಿನ ಶುರುವಿನ ಅನಿಮೇಷನ್ನಿನಲ್ಲಿ ಮೇಲಿಂದ ಬಂದು ಎಲ್ಲವನ್ನೂ ಜಜ್ಜುವ ಆ ಕಾಲು ಯಾರದ್ದು ಅನ್ನೋದೂ ಹೇಳಿ.

ಇಂಡೆಂಟೇಶನ್_ಎರರ್:
ಸ್ಪ್ಯಾಮ್ ಅಂದರೆ ಡಬ್ಬಿಯಲ್ಲಿ ಬರುವ ಹಂದಿಮಾಂಸ. ಯುದ್ಧದ ಕಾಲದಲ್ಲಿ, ಆಮೇಲಿನ ರೇಷನ್ ದಿನಗಳಲ್ಲಿ ಬ್ರಿಟನ್ನಿನ ಜನ ಅದನ್ನು ತಿಂದು ತಿಂದು ಸುಸ್ತಾಗಿದ್ದರು. ರೇಷನ್ ಮುಗಿದದ್ದೇ 1954ಕ್ಕೆ. ಸ್ಕೆಚ್ 1970ರ ಡಿಸೆಂಬರ್‌ನದ್ದು, ನೋಡುವವರಿಗೆಲ್ಲ ಆ ರುಚಿ ಇನ್ನೂ ನೆನಪಿತ್ತು. ಹೋಟೆಲಿನ ಮೆನುವಿನಲ್ಲಿ ಎಲ್ಲದರಲ್ಲೂ ಅದೇ, ಬೇಡ ಅಂದವಳ ಮಾತನ್ನೇ ಮುಳುಗಿಸುವಂತೆ ವೈಕಿಂಗ್‌ಗಳ ಹಾಡು. ಬೇಡದ್ದು ಬೇಕಾದ್ದನ್ನು ಮುಳುಗಿಸುವುದರಿಂದಲೇ ಕಸದ ಇಮೇಲಿಗೆ ಆ ಹೆಸರು ಬಂದದ್ದು. ಬೆಂಗಳೂರಲ್ಲಿ ಕೋಡ್ ಬರೆಯೋರಿಗೆ ಇನ್ನೊಂದು: ಪೈಥಾನ್ ಭಾಷೆಗೆ ಹಾವಿಂದ ಹೆಸರು ಬಂದಿಲ್ಲ, ಈ ಕಾರ್ಯಕ್ರಮದಿಂದ. ಉದಾಹರಣೆಗಳಲ್ಲಿ ಸ್ಪ್ಯಾಮ್, ಎಗ್ಸ್ ಬರೋದು ಅದಕ್ಕೇ. ಪ್ಯಾಕೇಜ್‌ಗಳ ಭಂಡಾರಕ್ಕೆ ಮೊದಲು ಚೀಸ್ ಶಾಪ್ ಅನ್ನುತ್ತಿದ್ದರು, ಸ್ಕೆಚ್ಚಿನ ಚೀಸ್ ಅಂಗಡಿಯಲ್ಲಿ ಒಂದು ತುಂಡು ಚೀಸೂ ಇರೋದಿಲ್ಲ.

ಮೊದಲೆರಡು ಸರಣಿಯಲ್ಲಿ ದುಡ್ಡಿನ ಲೆಕ್ಕ ತಲೆಕೆಡಿಸಿದರೆ: 1971ರ ಫೆಬ್ರವರಿ 15ರವರೆಗೆ 12 ಪೆನ್ಸಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್.

ಗಿಳಿಶಾಸ್ತ್ರ:
ಕಾಲು ಮನ್ಮಥನದ್ದು. ಬ್ರಾಂಜಿನೊ ಸುಮಾರು 1545ರಲ್ಲಿ ಬರೆದ ವೀನಸ್–ಕ್ಯೂಪಿಡ್ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅದರ ಎಡಗಡೆ ಕೆಳಮೂಲೆ ನೋಡಿ. ಅದರ ಹಿನ್ನೆಲೆ ಸಂಗೀತ ಅಮೆರಿಕದ ಸಂಗೀತಗಾರ ಸೂಸಾ 1893ರಲ್ಲಿ ಬರೆದ ಲಿಬರ್ಟಿ ಬೆಲ್ ಮಾರ್ಚ್.

ಗಿಲಿಯಂ ಮಾಡುತ್ತಿದ್ದ ಕ್ರಮ ಸರಳ. ಹಳೇ ಫೋಟೊ, ಕೆತ್ತನೆ ಚಿತ್ರಗಳಿಂದ ಆಕೃತಿ ಕತ್ತರಿಸುವುದು, ದವಡೆ, ತೋಳು, ಕಾಲು ಬೇರೆ ಬೇರೆ. ಹಿನ್ನೆಲೆಗೆ ಏರ್‌ಬ್ರಷ್. ಮೇಲಿಂದ ಕೆಳಗೆ ನೋಡುವ ಕ್ಯಾಮೆರಾದ ಅಡಿಯಲ್ಲಿಟ್ಟು, ಚೂರು ಸರಿಸುವುದು, ಒಂದೆರಡು ಫ್ರೇಂ ಹಿಡಿಯುವುದು, ಮತ್ತೆ ಸರಿಸುವುದು. ಕಾಗದದ ತುಂಡುಗಳಲ್ಲಿ ಲಾಲಿತ್ಯದ ನಡಿಗೆ ಬರೋದಿಲ್ಲ, ಅದಕ್ಕೇ ಅಲ್ಲಿ ಯಾರೂ ಚೆಂದಕ್ಕೆ ನಡೆಯುವುದಿಲ್ಲ. ಬೀಳುತ್ತಾರೆ, ಜಜ್ಜಿಹೋಗುತ್ತಾರೆ, ತಲೆ ಹಾರುತ್ತದೆ. ಮಾಡಿ ನೋಡುವವರು ಕತ್ತರಿಸಿದ ಅಂಚಿಗೆ ಕಪ್ಪು ಪೆನ್ನು ಎಳೆಯಿರಿ, ಇಲ್ಲದಿದ್ದರೆ ಕಾಗದದ ಬಿಳಿ ಅಂಚು ದೀಪಕ್ಕೆ ಹೊಳೆಯುತ್ತದೆ. ಮೇಲೆ ಗಾಜು ಒತ್ತಿದರೆ ನೆರಳೂ ಬೀಳುವುದಿಲ್ಲ.

ನೆನೆಯಕ್ಕಿ:
ಹಳೆಯದೆಂದು ಎಲ್ಲವನ್ನೂ ತಲೆಮೇಲಿಡಬೇಕಿಲ್ಲ. ಪೈಥಾನ್‌ನಲ್ಲಿ ಹೆಂಗಸಿನ ನಗೆಪಾತ್ರವನ್ನೆಲ್ಲ ಗಂಡಸರೇ ಕೀರಲು ದನಿಯಲ್ಲಿ ಆಡುತ್ತಾರೆ, ನಟಿ ಕ್ಯಾರಲ್ ಕ್ಲೀವ್‌ಲೆಂಡ್‌ಗೆ ಉಳಿಯುವುದು ಹೆಚ್ಚಾಗಿ ಚೆಂದದ ಹುಡುಗಿಯ ಪಾತ್ರ. ಆ ಕಾಲದ ಎಷ್ಟೋ ಕಾರ್ಯಕ್ರಮಗಳಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದು ಭಾರತೀಯರಾಗುತ್ತಾರೆ. ಅದಕ್ಕೆ ಉತ್ತರ ಬಂದದ್ದು ಗುಡ್‌ನೆಸ್ ಗ್ರೇಷಿಯಸ್ ಮಿಯಿಂದ, 1996ರಲ್ಲಿ ರೇಡಿಯೊ, 1998ರಿಂದ ಟಿವಿ. ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್, ಕುಲ್ವಿಂದರ್ ಘಿರ್, ನೀನಾ ವಾಡಿಯಾ. ಶುಕ್ರವಾರ ರಾತ್ರಿ ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗಿ ಅತಿ ಖಾರದ್ದು ಯಾವುದು ಅಂತ ಕೇಳುವ ಇಂಗ್ಲಿಷರ ಅಭ್ಯಾಸವನ್ನು ತಿರುಗಿಸಿಟ್ಟಿದ್ದಾರೆ. ಇಂಗ್ಲಿಷ್ ಹೋಟೆಲಿಗೆ ಹೋದ ನಮ್ಮವರು ಅತಿ ಸಪ್ಪೆಯದು ಯಾವುದು ಅಂತ ಕೇಳಿ, ಜೊತೆಗೆ 24 ತಟ್ಟೆ ಚಿಪ್ಸ್ ಆರ್ಡರ್ ಮಾಡುತ್ತಾರೆ. ಮಾಣಿಯ ಹೆಸರನ್ನು ಕೆಡಿಸಿ ಕರೆಯುವುದನ್ನೂ ಬಿಟ್ಟಿಲ್ಲ.

ಬೈಟು_ಕಾಫಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮೊದಲ ಸರಣಿಯ 8ನೇ ಕಂತು ಪೂರ್ತಿ, ಆಮೇಲೆ ಸಬ್‌ಟೈಟಲ್ ಇಲ್ಲದೆ ಫೋರ್ ಕ್ಯಾಂಡಲ್ಸ್. ಒಂದನೇ ಕಂತಿಂದ ಶುರು ಮಾಡೋದು ಬೇಡವಾ?

ಗಿಳಿಶಾಸ್ತ್ರ:
ಬೇಡ, ಕಂತುಗಳ ನಡುವೆ ಕಥೆ ಏನೂ ಇಲ್ಲ. ಎಂಟಾದ ಮೇಲೆ ಎರಡನೇ ಸರಣಿಯ ಮೊದಲೆರಡು ನೋಡಿ, ಸಿಲ್ಲಿ ವಾಕ್ಸ್, ಸ್ಪ್ಯಾನಿಷ್ ಇನ್‌ಕ್ವಿಸಿಷನ್ ಎರಡೂ ಅಲ್ಲಿವೆ. ಮೂರನೇ ಸರಣಿಯ ಸೈಕಲ್ ಪ್ರವಾಸದ ಕಂತು ಮಾತ್ರ ಕೊನೆಗಿಟ್ಟುಕೊಳ್ಳಿ, ಅದು ಇಡೀ ಅರ್ಧ ಗಂಟೆ ಒಂದೇ ಕಥೆ.

ರೊಟ್ಟಿ_ಪುಂಡಿಪಲ್ಯ:
ಫೋರ್ ಕ್ಯಾಂಡಲ್ಸ್ ನೋಡುವಾಗ ಅಂಗಡಿಯಾವ ಆಗಿರೋ ಕಾರ್ಬೆಟ್‌ರ ಕೈ ನೋಡ್ರಿ. ಪ್ರತಿ ತಪ್ಪಿಗೂ ಸಾಮಾನು ಕೌಂಟರ್ ಮ್ಯಾಲ ಇಡೋ ಸಪ್ಪಳ ಒಂದೊಂದು ಪಟ್ಟು ಜೋರಾಕ್ಕೈತಿ. ದನಿ ಏರೋದು ಅದಾದ ಮ್ಯಾಲ.